ದಿಗ್ಬಂಧನವೂ ಷೇರುಪೇಟೆಯೂ

ಮಗಳ ಓದಿಗೆಂದು ಕಾಫಿಯ ಹಣವನ್ನು ತಂತ್ರಜ್ಞಾನ ಷೇರುಗಳಲ್ಲಿ ಹೂಡಿರುವ ಆಲೂರಿನ ಹಳೆಯ ಶಿಷ್ಯನೊಬ್ಬ, ‘ಅಮೆರಿಕ ನಿರ್ಬಂಧ ಹೇರಿದರೆ ಗತಿಯೇನು ಮೇಷ್ಟ್ರೇ?’ ಎಂದು ಕೇಳಿದ್ದಾನೆ.

1998ರ ಮೇ ತಿಂಗಳ ಪೋಖ್ರಾನ್ ಅಣುಪರೀಕ್ಷೆಯ ತರುವಾಯ ಹೀಗೆಯೇ ಆಗಿತ್ತು. ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್, ಇಸ್ರೋ (ನಮ್ಮ ಹಾಸನದಲ್ಲಿಯೇ ಅದರ ಉಪಗ್ರಹ ನಿಯಂತ್ರಣ ಕೇಂದ್ರವಿದೆಯಷ್ಟೆ) ನಿರ್ಬಂಧಿತರ ಪಟ್ಟಿ ಸೇರಿದವು. ಪರವಾನಗಿಯಿಲ್ಲದೆ ಅಮೆರಿಕದ ಬಿಡಿಭಾಗಗಳು ಬರುವಂತಿರಲಿಲ್ಲ. ಸೋಜಿಗವೆಂದರೆ, ಆ ನಿರ್ಬಂಧದ ನಡುವೆಯೇ, 1999ರ ಮಾರ್ಚ್‌ನಲ್ಲಿ, ಇನ್ಫೋಸಿಸ್ ಅಮೆರಿಕದ ನಾಸ್ಡಾಕ್ ಪೇಟೆಯನ್ನು ಪ್ರವೇಶಿಸಿತು! ಕಂಪನಿ ಕೊಳ್ಳುವುದೇನು, ಮಾರುವುದೇನು ಎಂಬುದನ್ನು ಮೊದಲು ನೋಡೆಂದು ಶಿಷ್ಯನಿಗೆ ಬರೆದಿದ್ದೇನೆ.

2001ರ ಸೆಪ್ಟೆಂಬರಿನಲ್ಲಿ ನಿರ್ಬಂಧ ಸಡಿಲಿತು. ಸಾಫ್ಟ್‌ವೇರ್ ಕಂಪನಿಗಳಿಗೆ ಬಿಸಿ ತಟ್ಟಿದ್ದು ಅನಂತರ, 2002ರಲ್ಲಿ: ಪಾಕಿಸ್ತಾನದ ಗಡಿಯಲ್ಲಿ ಸೈನ್ಯಗಳು ಎದುರುಬದುರಾದಾಗ, ಅಮೆರಿಕ ತನ್ನ ಪ್ರಜೆಗಳಿಗೆ ಭಾರತವನ್ನು ಬಿಡಲು ಸೂಚಿಸಿತು, ಬೆಂಗಳೂರಿಗೆ ಬರಬೇಕಿದ್ದ ಗ್ರಾಹಕರು ಹಿಂಜರಿದರು.