ಕೂಲಿಯಾಳೋ, ಮಗನೋ?

ದೇವರ ಮುಂದೆ ಮನುಷ್ಯನ ಬೆಲೆ ಎಷ್ಟು? ಆ ದೇವರಿಗೇ 'ಒಲ್ಲೆ' ಎನ್ನುವ ಸ್ವಾತಂತ್ರ್ಯ ಅವನಿಗೆ ಉಂಟೆ? ಕ್ರೈಸ್ತಧರ್ಮವು ಶತಮಾನಗಳಿಂದ ಚರ್ಚಿಸುತ್ತ ಬಂದಿರುವ ಈ ಪ್ರಶ್ನೆಗಳನ್ನು ಕುರಿತು ಮಾತನಾಡಲು ನಾನು ರೋಮಿಗಾಗಲಿ ಜಿನೀವಾಕ್ಕಾಗಲಿ ಹೋಗಬೇಕಾಗಿಲ್ಲ. ತುಮಕೂರು ಜಿಲ್ಲೆಯ ಮಧುಗಿರಿ, ಸಿರಾ, ಕೊರಟಗೆರೆ, ಪಾವಗಡಗಳ ಒಣಸೀಮೆಯೇ ಸಾಕು. ಮಳೆಯನ್ನು ನಂಬಿ ಬಾಳಿದ ಈ ನಾಡಿನಲ್ಲಿ ಆ ಪ್ರಶ್ನೆಗಳು ಒಮ್ಮೆ ಅನ್ನದ ಪ್ರಶ್ನೆಗಳಾಗಿಯೇ ಎದ್ದು ನಿಂತಿದ್ದವು.

ಈ ಸೀಮೆಯ ಉತ್ತರಕ್ಕೆ ಬಳ್ಳಾರಿ, ದಕ್ಷಿಣಕ್ಕೆ ಗುಬ್ಬಿ. 1810ರಲ್ಲಿ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಬಳ್ಳಾರಿಗೆ ಬಂದರು. ಅವರ ಮತ್ತು ಅವರ ಜೊತೆಗಾರರ ಶ್ರಮದಿಂದ 1830ರ ದಶಕದ ಆರಂಭದ ವೇಳೆಗೆ ಇಡೀ ಬೈಬಲ್ಲು ಕನ್ನಡದಲ್ಲಿ ಅಚ್ಚಾಗಿ ಹೊರಬಂದಿತು. ಅದೇ ದಶಕದ ಕೊನೆಯ ಭಾಗದಲ್ಲಿ ವೆಸ್ಲಿಯನ್ ಮಿಷನ್ನಿನ ಥಾಮಸ್ ಹಾಡ್ಸನ್ ಗುಬ್ಬಿಯಲ್ಲಿ ನೆಲೆಯೂರಿದರು. ಅವರನ್ನು ಕೂಡಿಕೊಂಡ ವಿಲಿಯಂ ಆರ್ಥರ್, ಆರೋಗ್ಯ ಕೆಟ್ಟು ಸ್ವದೇಶಕ್ಕೆ ಮರಳಿದ ಮೇಲೆ, 1847ರಲ್ಲಿ ಮೈಸೂರು ಸೀಮೆಯ ತಮ್ಮ ಅನುಭವಗಳನ್ನು ಪುಸ್ತಕವಾಗಿ ಬರೆದರು.

ಹೊರಗಿನಿಂದ ನೋಡುವವರಿಗೆ ಇಬ್ಬರೂ ಪಾದ್ರಿಗಳೇ. ಆದರೆ ಮನುಷ್ಯನ ಸ್ವಾತಂತ್ರ್ಯದ ಮಾತು ಬಂದರೆ ಅವರ ಹಿಂದಿದ್ದ ಪರಂಪರೆಗಳು ಬೇರೆ ಬೇರೆ. 1524ರಲ್ಲಿ ಎರಾಸ್ಮಸ್ ಮನುಷ್ಯನ ಇಚ್ಛೆ ಸ್ವತಂತ್ರವೆಂದು ಬರೆದನು. ಮರುವರ್ಷವೇ ಲೂಥರ್ ಅಲ್ಲವೆಂದು ಉತ್ತರ ಕೊಟ್ಟನು. ರಕ್ಷಣೆ ಯಾರಿಗೆಂಬುದನ್ನು ದೇವರು ಮೊದಲೇ ನಿರ್ಣಯಿಸಿದ್ದಾನೆಂಬುದು ಕ್ಯಾಲ್ವಿನ್ನನ ಪಂಥ. ಲಂಡನ್ ಮಿಷನ್ನಿನವರು ಬಹುಮಟ್ಟಿಗೆ ಆ ಪರಂಪರೆಯಿಂದ ಬಂದವರು. ವೆಸ್ಲಿಯನ್ನರ ಗುರು ಜಾನ್ ವೆಸ್ಲಿ ಇದನ್ನು ಒಪ್ಪಲಿಲ್ಲ. ಕೃಪೆ ಎಲ್ಲರಿಗೂ ಉಂಟು. ಅದನ್ನು ಸ್ವೀಕರಿಸುವ ಶಕ್ತಿಯನ್ನು ಕೃಪೆಯೇ ಕೊಡುತ್ತದೆ. ಆದರೆ ನಿರಾಕರಿಸುವವನನ್ನು ಅದು ಬಲಾತ್ಕರಿಸುವುದಿಲ್ಲ ಎಂಬುದು ಆತನ ನಿಲುವು. ಇದೇ ವೆಸ್ಲಿ ಸಾಯುವುದಕ್ಕೆ ಕೆಲವೇ ದಿನ ಮುಂಚೆ, 1791ರ ಫೆಬ್ರವರಿಯಲ್ಲಿ, ಗುಲಾಮರ ವ್ಯಾಪಾರದ ವಿರುದ್ಧ ಹೋರಾಡುತ್ತಿದ್ದ ವಿಲ್ಬರ್‌ಫೋರ್ಸನಿಗೆ ಧೈರ್ಯ ಹೇಳಿ ಪತ್ರ ಬರೆದನೆಂಬುದು ಗಮನಾರ್ಹ. ದೇವರೇ ಬಲಾತ್ಕರಿಸದ ಮನುಷ್ಯನನ್ನು ಮನುಷ್ಯನು ಸಂಕೋಲೆಯಲ್ಲಿಡುವುದು ಹೇಗೆ ನ್ಯಾಯವಾದೀತು?

ಆದರೂ ಎರಡು ಪರಂಪರೆಗಳಿಗೂ ಸಮಾನವಾದ ನಂಬಿಕೆಯೊಂದಿತ್ತು: ಮನುಷ್ಯನು ದೇವರ ಸ್ವರೂಪದಲ್ಲಿ ಸೃಷ್ಟಿಯಾದವನು, ಅವನ ಬೆಲೆ ದುಡಿಮೆಯಿಂದಲೋ ಕುಲದಿಂದಲೋ ಬಂದುದಲ್ಲ. ಈ ತತ್ತ್ವಕ್ಕೆ ಕನ್ನಡ ಬೈಬಲ್ಲಿನ ಒಂದು ಕಥೆಗಿಂತ ಒಳ್ಳೆಯ ವ್ಯಾಖ್ಯಾನ ಬೇಕಿಲ್ಲ. ತಂದೆ ಬದುಕಿರುವಾಗಲೇ ಕಿರಿಯ ಮಗ ಆಸ್ತಿಯ ಪಾಲು ಕೇಳುತ್ತಾನೆ. ಪಾಲು ಪಾರೀಕತ್ತಿನ ಜಗಳಗಳನ್ನು ಕಂಡ ನಮ್ಮ ಹಳ್ಳಿಗರಿಗೆ ಇದರ ನೋವು ಅರ್ಥವಾಗುತ್ತದೆ. ತಂದೆ ತಡೆಯುವುದಿಲ್ಲ, ಪಾಲು ಕೊಡುತ್ತಾನೆ. ಮಗ ದೂರದೇಶದಲ್ಲಿ ಎಲ್ಲವನ್ನೂ ಕಳೆಯುತ್ತಾನೆ. ಆಗ ಅಲ್ಲಿ ಘೋರ ಬರ ಬೀಳುತ್ತದೆ. ಹಂದಿ ಮೇಯಿಸುತ್ತ ಹಸಿದವನು, ಮನೆಗೆ ಹೋಗಿ ಕೂಲಿಯಾಳಾಗಿಯಾದರೂ ಇರುತ್ತೇನೆಂದು ಹೊರಡುತ್ತಾನೆ. ತಂದೆ ಓಡಿಬಂದು ಅಪ್ಪಿಕೊಳ್ಳುತ್ತಾನೆ. ಕೂಲಿಯ ಮಾತಿಗೆ ಅವಕಾಶವನ್ನೇ ಕೊಡದೆ ಮಗನನ್ನು ಮಗನೆಂದೇ ಒಳಗೆ ಕರೆದುಕೊಳ್ಳುತ್ತಾನೆ. ಹೋಗುವ ಸ್ವಾತಂತ್ರ್ಯವೂ ಅವನದೇ, ಮರಳಿದಾಗಿನ ಮಾನವೂ ಅವನದೇ.

ಕಥೆಯಲ್ಲಿ ಬಂದ ಬರ 1876ರಲ್ಲಿ ಈ ಸೀಮೆಗೇ ಬಂದಿತು. ಧಾತು, ಈಶ್ವರ ಸಂವತ್ಸರಗಳ ಆ ಕ್ಷಾಮದಲ್ಲಿ ಹೆಚ್ಚು ಪೆಟ್ಟು ತಿಂದ ಜಿಲ್ಲೆಗಳಲ್ಲಿ ತುಮಕೂರೂ ಒಂದು. 1871ರ ಗಣತಿಯಲ್ಲಿ 50 ಲಕ್ಷ ದಾಟಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆ 1881ರಲ್ಲಿ 42 ಲಕ್ಷಕ್ಕೂ ಕೆಳಗಿಳಿದಿತ್ತು. ಆಗ ಸಂಸ್ಥಾನದ ಆಡಳಿತ ಬ್ರಿಟಿಷ್ ಕಮಿಷನರರ ಕೈಯಲ್ಲಿತ್ತು. ಪಾವಗಡದ ಗಡಿಯಾಚೆಯ ಅನಂತಪುರ ಸೀಮೆ ಮದ್ರಾಸು ಪ್ರಾಂತ್ಯದ ಬಳ್ಳಾರಿ ಜಿಲ್ಲೆಗೆ ಸೇರಿತ್ತು. ಆ ಪ್ರಾಂತ್ಯದಲ್ಲಿ 1877ರ ಆರಂಭದಲ್ಲಿ, ಭಾರತ ಸರ್ಕಾರದ ಪ್ರತಿನಿಧಿಯಾಗಿ ಬಂದ ಸರ್ ರಿಚರ್ಡ್ ಟೆಂಪಲ್ ಪರಿಹಾರಕಾರ್ಯದ ಕೂಲಿಯನ್ನು ಇಳಿಸಿದರು: ದಿನವಿಡೀ ದುಡಿದವನಿಗೆ ಒಂದು ಪೌಂಡು, ಎಂದರೆ ಸುಮಾರು 450 ಗ್ರಾಂ ಧಾನ್ಯದ ಬೆಲೆ, ಮೇಲೊಂದಿಷ್ಟು ಚಿಲ್ಲರೆ ಕಾಸು. ಇದು ಜೀವ ಉಳಿಸದೆಂದು ಮದ್ರಾಸಿನ ಆರೋಗ್ಯಾಧಿಕಾರಿ ಕಾರ್ನಿಶ್ ಪಟ್ಟುಹಿಡಿದು ವಾದಿಸಿದರು. ಕೆಲವೇ ತಿಂಗಳಲ್ಲಿ ಕೂಲಿಯನ್ನು ಏರಿಸಬೇಕಾಯಿತು. ಇಬ್ಬರೂ ಕ್ರೈಸ್ತ ದೇಶದಿಂದ ಬಂದವರೇ. ಒಬ್ಬರು ಮನುಷ್ಯನನ್ನು ಕೂಲಿಯಾಳೆಂದು ತೂಗಿದರು. ಇನ್ನೊಬ್ಬರು ಆ ತಕ್ಕಡಿಯನ್ನೇ ಪ್ರಶ್ನಿಸಿದರು.

ಮಿಷನ್ನುಗಳ ಪರೀಕ್ಷೆ ಇದಕ್ಕಿಂತ ಸೂಕ್ಷ್ಮವಾದುದು. ಬರದಲ್ಲಿ ತಬ್ಬಲಿಗಳಾದ ಮಕ್ಕಳಿಗಾಗಿ ಅವು ಅನಾಥಾಲಯಗಳನ್ನು ತೆರೆದವು. ಆ ಮಕ್ಕಳು ಬದುಕಿದರು, ಓದು ಕಲಿತರು, ಕಸುಬು ಕಲಿತರು. ಈ ಉಪಕಾರವನ್ನು ಯಾರೂ ಅಲ್ಲಗಳೆಯಲಾರರು. ಆದರೆ ಅನ್ನದ ಜೊತೆಯಲ್ಲೇ ಬಂದ ಧರ್ಮವನ್ನು ಆ ಎಳೆಯ ಮಕ್ಕಳು ಸ್ವತಂತ್ರವಾಗಿ ಆರಿಸಿಕೊಂಡರೆನ್ನಬಹುದೆ? ಹಸಿದವನ 'ಒಪ್ಪಿದೆ' ಎಂಬ ಮಾತಿನಲ್ಲಿ ಇಚ್ಛೆ ಎಷ್ಟು, ಹೊಟ್ಟೆ ಎಷ್ಟು? 'ಒಲ್ಲೆ' ಎನ್ನಬಲ್ಲವನ 'ಒಪ್ಪಿದೆ'ಗೆ ಮಾತ್ರ ಬೆಲೆಯೆಂದು ಕಲಿಸಿದ ಧರ್ಮಕ್ಕೆ ಈ ಪ್ರಶ್ನೆ ಹೊರಗಿನವರ ಆಕ್ಷೇಪವಲ್ಲ, ಅದರ ಒಳಗಿನ ಧರ್ಮಸಂಕಟ.

ಈ ಸಂಕಟವನ್ನು ಅರಿತು ನಡೆದವರೂ ಇದ್ದರು. ತೆಲುಗು ನಾಡಿನ ಒಂಗೋಲಿನಲ್ಲಿದ್ದ ಅಮೆರಿಕದ ಬ್ಯಾಪ್ಟಿಸ್ಟ್ ಪಾದ್ರಿ ಜಾನ್ ಕ್ಲೌ ಬಕಿಂಗ್‌ಹ್ಯಾಂ ಕಾಲುವೆಯ ಒಂದು ಭಾಗವನ್ನು ಗುತ್ತಿಗೆ ಹಿಡಿದು, ಬರಪೀಡಿತರಿಗೆ ಕೆಲಸವನ್ನೂ ಕೂಲಿಯನ್ನೂ ಕೊಟ್ಟರು. ಆದರೆ ಪರಿಹಾರದ ಕೆಲಸ ಮುಗಿಯುವವರೆಗೆ ದೀಕ್ಷಾಸ್ನಾನವನ್ನು ತಡೆಹಿಡಿದರು. ಕಾಳಿಗಾಗಿ ಯಾರೂ ಕ್ರಿಸ್ತನ ಬಳಿಗೆ ಬರಬಾರದೆಂಬುದು ಅವರ ಅಭಿಪ್ರಾಯವಾಗಿತ್ತು. ಪರಿಹಾರ ನಿಂತ ಮೇಲೂ ಜನ ಬಂದರು. 1878ರ ಜುಲೈ 3ರಂದು ಒಂದೇ ದಿನ 2,222 ಮಂದಿ ದೀಕ್ಷೆ ಪಡೆದರು. ಕೀಳೆಂದು ದೂರವಿಡಲ್ಪಟ್ಟಿದ್ದ ಮಾದಿಗ ಸಮುದಾಯದ ಜನ ಅವರಲ್ಲಿ ಬಹುಸಂಖ್ಯಾತರು. ಅವರನ್ನು ಸೆಳೆದದ್ದು ಅನ್ನವೊಂದೇ ಅಲ್ಲ, ತಾವೂ ಮಕ್ಕಳೆಂಬ ಮಾತು ಎಂದು ನಾನು ಭಾವಿಸುತ್ತೇನೆ. ಮಾನದ ಹಸಿವು ಅನ್ನದ ಹಸಿವಿಗಿಂತ ಹಳೆಯದು.

1947ರ ಸೆಪ್ಟೆಂಬರ್ 27ರಂದು ದಕ್ಷಿಣ ಭಾರತ ಸಭೆ ಸ್ಥಾಪನೆಯಾದಾಗ ಬಳ್ಳಾರಿಯ ಪರಂಪರೆಯೂ ಗುಬ್ಬಿಯ ಪರಂಪರೆಯೂ ಒಂದೇ ಮನೆಗೆ ಸೇರಿದವು. ಇಚ್ಛೆ ಸ್ವತಂತ್ರವೋ ಅಲ್ಲವೋ ಎಂಬ ಹಳೆಯ ವಾದ ಅದರಿಂದ ಬಗೆಹರಿಯಲಿಲ್ಲ; ಒಟ್ಟಿಗೆ ಬಾಳಲು ಅದು ಅಡ್ಡಿಯಾಗಲಿಲ್ಲ, ಅಷ್ಟೆ. ಬಗೆಹರಿಯಬೇಕಾದುದು ಬೇರೆ ಇತ್ತು. ಸಾಲಕ್ಕೆ ಮೈಯನ್ನೇ ಒತ್ತೆಯಿಡುವ ಜೀತವನ್ನು ನಮ್ಮ ದೇಶದ ಕಾನೂನು ರದ್ದುಗೊಳಿಸಿದ್ದು 1976ರಲ್ಲಿ. ದೇವರ ಸ್ವರೂಪವೆನಿಸಿದ ಮನುಷ್ಯನನ್ನು ಕೂಲಿಯಾಳಾಗಿಯೂ ಅಲ್ಲ, ಒತ್ತೆಯ ವಸ್ತುವಾಗಿ ಕಂಡ ವ್ಯವಸ್ಥೆ ಅದು.

ಎಲ್ಲ ಧರ್ಮಗಳೂ ಮನುಷ್ಯನ ಹಿರಿಮೆಯನ್ನು ಹಾಡುತ್ತವೆ. ಹಾಡು ನಿಜವೋ ಎಂಬುದು ಸುಗ್ಗಿಯಲ್ಲಿ ತಿಳಿಯದು, ಬರದಲ್ಲಿ ತಿಳಿಯುತ್ತದೆ. ಬಾಗಿಲಿಗೆ ಬಂದ ಹಸಿದವನಿಗೆ ಮೊದಲು ಅನ್ನವಿಕ್ಕಿ, ಅವನ ಉತ್ತರಕ್ಕಾಗಿ ಕಾಯುವ ತಾಳ್ಮೆಯುಳ್ಳ ಮನೆಯನ್ನೇ ತಂದೆಯ ಮನೆ ಎನ್ನಬೇಕು.