ನಮ್ಮ ಗಡಿ ತಾಲ್ಲೂಕುಗಳು ಮತ್ತು ಗರ್ಭನಿರೋಧಕಗಳ ಇತಿಹಾಸ

ನಿಪ್ಪಾಣಿಯಿಂದ ಸಂಕೇಶ್ವರದ ಕಡೆಗೆ ಹೆದ್ದಾರಿಯಲ್ಲಿ ಹೊರಟರೆ ಹುಕ್ಕೇರಿ ತಾಲ್ಲೂಕಿನ ಕಣಗಲಾ ಸಿಗುತ್ತದೆ. 1985ರಲ್ಲಿ ಕೇಂದ್ರ ಸರ್ಕಾರದ ಹಿಂದೂಸ್ತಾನ್ ಲ್ಯಾಟೆಕ್ಸ್ ಸಂಸ್ಥೆ ಇಲ್ಲಿ ಕಾರ್ಖಾನೆ ಆರಂಭಿಸಿತು. 2009ರಲ್ಲಿ ಆ ಸಂಸ್ಥೆ ಎಚ್‌ಎಲ್‌ಎಲ್ ಲೈಫ್‌ಕೇರ್ ಎಂಬ ಹೆಸರು ಪಡೆಯಿತು. ದೇಶದ ನಾನಾ ಮೂಲೆಗಳ ಆಸ್ಪತ್ರೆಗಳಿಗೆ ಹೋಗುವ ನಿರೋಧ್ ಮತ್ತು ಗರ್ಭನಿರೋಧಕ ಮಾತ್ರೆಗಳನ್ನು ತಯಾರಿಸುವ ಊರು ನಮ್ಮ ಮಗ್ಗುಲಲ್ಲೇ ಇದೆ. ಆದರೆ ಚಿಕ್ಕೋಡಿ, ರಾಯಬಾಗ, ಅಥಣಿ, ಕಾಗವಾಡದ ಮನೆಗಳಲ್ಲಿ ಕುಟುಂಬ ಯೋಜನೆ ಎಂದೊಡನೆ ಬಾಯಿಗೆ ಬರುವ ಮಾತು ಒಂದೇ, 'ಆಪರೇಷನ್'. ಅದೂ ಹೆಂಗಸರ ಆಪರೇಷನ್. ಇಷ್ಟೊಂದು ಸಾಧನಗಳಿರುವಾಗ ಆಯ್ಕೆ ಒಂದಕ್ಕೇ ಏಕೆ ನಿಂತಿತು? ಇದಕ್ಕೆ ಉತ್ತರ ಇತಿಹಾಸದಲ್ಲಿದೆ.

ಸಂತತಿ ನಿಯಂತ್ರಣದ ವಿಷಯದಲ್ಲಿ ಕರ್ನಾಟಕ ಹಿಂದುಳಿದ ನಾಡೇನಲ್ಲ. 1930ರ ಜೂನ್ 11ರಂದು ಮೈಸೂರು ಸಂಸ್ಥಾನದ ಸರ್ಕಾರವು ತನ್ನ ಆಸ್ಪತ್ರೆಗಳಲ್ಲಿ ಸಂತತಿ ನಿಯಂತ್ರಣ ಚಿಕಿತ್ಸಾಲಯಗಳನ್ನು ತೆರೆಯಲು ಆದೇಶ ಹೊರಡಿಸಿತು. ಜಗತ್ತಿನಲ್ಲಿ ಒಂದು ಸರ್ಕಾರವೇ ನಡೆಸಿದ ಮೊದಲ ಚಿಕಿತ್ಸಾಲಯಗಳು ಇವೇ ಎಂದು ಇತಿಹಾಸಕಾರರು ಗುರುತಿಸುತ್ತಾರೆ. ಆಗ ದಿವಾನರಾಗಿದ್ದವರು ಸರ್ ಮಿರ್ಜಾ ಇಸ್ಮಾಯಿಲ್. ಬೃಂದಾವನ ಉದ್ಯಾನ ಎಂದರೆ ಅವರನ್ನು ನೆನೆಯುವ ನಾವು ಈ ಆದೇಶವನ್ನು ಮಾತ್ರ ಮರೆತಿದ್ದೇವೆ.

ನಮ್ಮ ಭಾಗದ ಬಹುಪಾಲು ಆಗ ಮುಂಬಯಿ ಪ್ರಾಂತಕ್ಕೆ ಸೇರಿತ್ತು. ಇಲ್ಲಿಗೆ ವಿಚಾರ ಬಂದದ್ದು ಮರಾಠಿಯ ಮೂಲಕ. ಗಣಿತದ ಪ್ರಾಧ್ಯಾಪಕ ರಘುನಾಥ ಧೋಂಡೋ ಕರ್ವೆಯವರು 1921ರಲ್ಲಿ ಮುಂಬಯಿಯಲ್ಲಿ ಸಂತತಿ ನಿಯಂತ್ರಣ ಕೇಂದ್ರ ತೆರೆದರು, 1927ರಿಂದ 'ಸಮಾಜ ಸ್ವಾಸ್ಥ್ಯ' ಎಂಬ ಮಾಸಿಕ ನಡೆಸಿದರು. ಇದಕ್ಕಾಗಿ ಅವರು ಕಾಲೇಜಿನ ನೌಕರಿ ಕಳೆದುಕೊಂಡರು, ಅಶ್ಲೀಲತೆಯ ಆರೋಪದ ಮೇಲೆ ಕಟಕಟೆಯನ್ನೂ ಹತ್ತಿದರು. 1934ರ ಮೊಕದ್ದಮೆಯಲ್ಲಿ ಅವರ ಪರವಾಗಿ ವಾದಿಸಿದ ವಕೀಲರು ಡಾ. ಬಿ.ಆರ್. ಅಂಬೇಡ್ಕರ್. 1938ರ ನವೆಂಬರಿನಲ್ಲಿ ಅಂಬೇಡ್ಕರರ ಪಕ್ಷದ ಪಿ.ಜೆ. ರೋಹಮ್ ಅವರು ಮುಂಬಯಿ ಶಾಸನಸಭೆಯಲ್ಲಿ ಸಂತತಿ ನಿಯಂತ್ರಣದ ಪರ ಠರಾವು ಮಂಡಿಸಿದರು. ಠರಾವು ಸೋತಿತು.

ಸ್ವಾತಂತ್ರ್ಯಾನಂತರ 1952ರಲ್ಲಿ ಭಾರತವು ಕುಟುಂಬ ಯೋಜನೆಯನ್ನು ರಾಷ್ಟ್ರೀಯ ಕಾರ್ಯಕ್ರಮವಾಗಿ ಸ್ವೀಕರಿಸಿತು. ಅದಕ್ಕೂ ಮೊದಲು ಈ ಧೈರ್ಯ ತೋರಿದ ದೇಶ ಇನ್ನೊಂದಿರಲಿಲ್ಲ. ಆದರೆ ಆರೋಗ್ಯ ಸಚಿವೆ ರಾಜಕುಮಾರಿ ಅಮೃತ್ ಕೌರ್ ಗಾಂಧೀಜಿಯ ಅನುಯಾಯಿ. ಕೃತಕ ಸಾಧನಗಳಿಗೆ ಅವರ ಒಪ್ಪಿಗೆ ಇರಲಿಲ್ಲ. ಹೀಗಾಗಿ ವಿಶ್ವ ಆರೋಗ್ಯ ಸಂಸ್ಥೆಯ ಪರವಾಗಿ ಬಂದ ಡಾ. ಅಬ್ರಹಾಂ ಸ್ಟೋನ್ ಅವರು ದಿನ ಎಣಿಸುವ ಪದ್ಧತಿಯೊಂದನ್ನೇ ಪ್ರಯೋಗಿಸಬೇಕಾಯಿತು. ಪ್ರಯೋಗಕ್ಕೆ ಆರಿಸಿದ ಎರಡು ಸ್ಥಳಗಳಲ್ಲಿ ಒಂದು ದೆಹಲಿಯ ಲೋಧಿ ಕಾಲೊನಿ, ಇನ್ನೊಂದು ನಮ್ಮ ರಾಮನಗರ. ಅಕ್ಷರ ಬಾರದ ಹೆಂಗಸರಿಗಾಗಿ ಬಣ್ಣದ ಮಣಿಗಳ ಸರ ಮಾಡಿಕೊಟ್ಟರು. ದಿನಕ್ಕೊಂದು ಮಣಿ ಸರಿಸಬೇಕು, ಹಸಿರು ಮಣಿ ಬಂದ ದಿನ ಅಪಾಯವಿಲ್ಲ, ಕೆಂಪು ಮಣಿ ಬಂದ ದಿನ ದೂರವಿರಬೇಕು. ಕಾಗದದ ಮೇಲೆ ಸೊಗಸಾದ ಉಪಾಯ! ಆದರೆ ಕತ್ತಲಲ್ಲಿ ಬಣ್ಣ ತಿಳಿಯುವುದಿಲ್ಲ, ಸರಿಸುವುದು ಮರೆತರೆ ಲೆಕ್ಕವೇ ತಪ್ಪುತ್ತದೆ, ತಿಂಗಳ ಚಕ್ರ ಎಲ್ಲರಿಗೂ ಒಂದೇ ಸಮನಾಗಿ ಇರುವುದಿಲ್ಲ. ಸರ ಧರಿಸಿದರೆ ಸಾಕು, ಅದೇ ರಕ್ಷಿಸುತ್ತದೆ ಎಂದು ತಾಯತದಂತೆ ನಂಬಿದವರೂ ಇದ್ದರಂತೆ. ಅವರನ್ನು ನೋಡಿ ನಗುವುದು ಸುಲಭ. ನನ್ನ ಮಟ್ಟಿಗೆ ಹೇಳುವುದಾದರೆ, ತಪ್ಪು ಆ ತಾಯಂದಿರದಲ್ಲ. ಅವರ ಬೇಕು ಬೇಡಗಳನ್ನು ಕೇಳದೆ ಮೇಲಿನವರೇ ಒಂದು ಪದ್ಧತಿಯನ್ನು ಗೊತ್ತುಮಾಡಿದರು. ಈ ಚಾಳಿ ಮುಂದೆಯೂ ಹೋಗಲಿಲ್ಲ.

ಧರ್ಮ ಇದನ್ನು ಒಪ್ಪುತ್ತದೆಯೇ ಎಂಬ ಪ್ರಶ್ನೆ ವಿದ್ಯಾರ್ಥಿಗಳಿಂದ ಬರುವುದು ಸಹಜ. ಪ್ರವಾದಿಯವರ ಕಾಲದಲ್ಲಿ ಸಹಾಬಿಗಳು 'ಅಜ್ಲ್' ಪಾಲಿಸುತ್ತಿದ್ದ ಬಗ್ಗೆ ಹದೀಸ್ ಸಂಗ್ರಹಗಳಲ್ಲಿ ವರದಿಗಳಿವೆ. ಇಮಾಮ್ ಗಜ್ಜಾಲಿಯವರು ಅದನ್ನು ಚರ್ಚಿಸಿ, ಹೆಂಡತಿಯ ಆರೋಗ್ಯ ಮತ್ತು ಹೆಚ್ಚು ಮಕ್ಕಳಿಂದ ಬರುವ ಕಷ್ಟಗಳ ಭಯವನ್ನು ಸಮ್ಮತ ಕಾರಣಗಳಲ್ಲಿ ಎಣಿಸಿದರು. ಇದಕ್ಕೆ ಹೆಂಡತಿಯ ಒಪ್ಪಿಗೆ ಬೇಕು ಎಂದು ಹಲವು ಫಕೀಹರು ಹೇಳಿದ್ದಾರೆ. ತಾತ್ಕಾಲಿಕ ವಿಧಾನಕ್ಕೂ ಶಾಶ್ವತ ಶಸ್ತ್ರಚಿಕಿತ್ಸೆಗೂ ಉಲಮಾಗಳು ಬೇರೆ ಬೇರೆ ನಿಲುವು ತಾಳಿರುವುದರಿಂದ ಬಲ್ಲವರನ್ನು ಕೇಳಿ ತಿಳಿಯುವುದು ಲೇಸು. ಕುಟುಂಬ ಯೋಜನೆ ನಮ್ಮವರಿಗೆ ಹೊರಗಿನದು ಎಂಬ ಮಾತಿಗಂತೂ ಅಂಕಿಅಂಶಗಳ ಬೆಂಬಲವಿಲ್ಲ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಗಳ ಪ್ರಕಾರ ಮುಸ್ಲಿಂ ಮಹಿಳೆಯರ ಸರಾಸರಿ ಫಲವತ್ತತೆ 1992-93ರಲ್ಲಿ 4.4 ಇದ್ದದ್ದು 2019-21ಕ್ಕೆ ಸುಮಾರು 2.4ಕ್ಕೆ ಇಳಿದಿದೆ.

1965ರಲ್ಲಿ 'ಲೂಪ್' ಬಂತು. ಅವಸರದಲ್ಲಿ ಹಾಕಿ, ಆಮೇಲೆ ರಕ್ತಸ್ರಾವವಾದಾಗ ನೋಡಿಕೊಳ್ಳುವವರಿಲ್ಲದೆ ಜನರ ನಂಬಿಕೆ ಕೆಟ್ಟಿತು. 1968ರಲ್ಲಿ ನಿರೋಧ್ ಮಾರುಕಟ್ಟೆಗೆ ಬಂತು. ಕೆಂಪು ತ್ರಿಕೋನ ಊರೂರ ಗೋಡೆಗಳನ್ನೇರಿತು, 'ಆರತಿಗೊಂದು ಕೀರ್ತಿಗೊಂದು' ಮನೆಮಾತಾಯಿತು. ಬಳಿಕ ಬಂದದ್ದು ತುರ್ತು ಪರಿಸ್ಥಿತಿ. 1976-77ರ ಒಂದೇ ವರ್ಷದಲ್ಲಿ ದೇಶದಲ್ಲಿ 80 ಲಕ್ಷಕ್ಕೂ ಹೆಚ್ಚು ಸಂತಾನಹರಣ ಶಸ್ತ್ರಚಿಕಿತ್ಸೆಗಳು ನಡೆದವು. ಸುಮಾರು ಮುಕ್ಕಾಲು ಪಾಲು ಪುರುಷರದೇ. ಹರಿಯಾಣದ ಉಟಾವರ್ ಗ್ರಾಮವನ್ನು ಪೊಲೀಸರು ಸುತ್ತುವರಿದು ಗಂಡಸರನ್ನು ಹಿಡಿದೊಯ್ದ ಘಟನೆ ಆ ಕಾಲದ್ದು. 1977ರ ಚುನಾವಣೆಯ ನಂತರ ಇಲಾಖೆಯ ಹೆಸರು 'ಕುಟುಂಬ ಕಲ್ಯಾಣ' ಎಂದಾಯಿತು. ಗಂಡಸರನ್ನು ಮುಟ್ಟಲು ಯಾವ ಸರ್ಕಾರಕ್ಕೂ ಧೈರ್ಯ ಉಳಿಯಲಿಲ್ಲ. ಗುರಿ ಮಾತ್ರ ಉಳಿಯಿತು, ಅದರ ಭಾರವೆಲ್ಲ ಹೆಂಗಸರ ಹೆಗಲಿಗೆ ಬಿತ್ತು. 1996ರಲ್ಲಿ ಕೇಂದ್ರವು ಗುರಿ ಪದ್ಧತಿಯನ್ನು ಕೈಬಿಟ್ಟರೂ ಅಭ್ಯಾಸ ಹೋಗಲಿಲ್ಲ. 2014ರಲ್ಲಿ ಛತ್ತೀಸಗಢದ ಬಿಲಾಸಪುರದ ಶಿಬಿರದಲ್ಲಿ ಆಪರೇಷನ್ ಮಾಡಿಸಿಕೊಂಡ ಹೆಣ್ಣುಮಕ್ಕಳು ಸತ್ತರು. 2016ರಲ್ಲಿ ಸುಪ್ರೀಂ ಕೋರ್ಟ್ ಇಂಥ ಶಿಬಿರಗಳನ್ನು ಮೂರು ವರ್ಷದೊಳಗೆ ನಿಲ್ಲಿಸುವಂತೆ ಹೇಳಿತು. 2019-21ರ ಸಮೀಕ್ಷೆಯಲ್ಲಿ ಕರ್ನಾಟಕದ ವಿವಾಹಿತ ಮಹಿಳೆಯರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಆಪರೇಷನ್ನನ್ನೇ ಅವಲಂಬಿಸಿದ್ದರು. ಗಂಡಸರ ಪಾಲು ಸೊನ್ನೆಯ ಆಸುಪಾಸು.

ಹಾಗಾದರೆ ಯಾರಿಗೆ ಯಾವುದು? ಇನ್ನು ಮಕ್ಕಳು ಬೇಡವೇ, ಅಥವಾ ಮುಂದಿನ ಮಗು ಕೆಲವು ವರ್ಷ ತಡವಾಗಿ ಬೇಕೇ ಎಂಬುದೇ ಮೊದಲ ಪ್ರಶ್ನೆ. ಅಂತರ ಬೇಕಾದವರಿಗೆ ಆಪರೇಷನ್ ಉತ್ತರವೇ ಅಲ್ಲ. ಮಾಲಾ ಮಾತ್ರೆಯನ್ನು ದಿನವೂ ನುಂಗಬೇಕು, 28ರಲ್ಲಿ 7 ಕಬ್ಬಿಣದ ಮಾತ್ರೆಗಳು. ರಕ್ತದೊತ್ತಡ ಇರುವವರಿಗೆ, ಆರು ತಿಂಗಳೊಳಗಿನ ಕೂಸಿಗೆ ಎದೆಹಾಲು ಕುಡಿಸುವವರಿಗೆ ಇದು ತಕ್ಕುದಲ್ಲ. ಲಖನೌದ ಕೇಂದ್ರೀಯ ಔಷಧ ಸಂಶೋಧನಾ ಸಂಸ್ಥೆ ಕಂಡುಹಿಡಿದ 'ಸಹೇಲಿ'ಯಲ್ಲಿ ಹಾರ್ಮೋನು ಇಲ್ಲ, ಬಾಣಂತಿಯರಿಗೂ ನಡೆಯುತ್ತದೆ. ಮೊದಲ ಮೂರು ತಿಂಗಳು ವಾರಕ್ಕೆರಡು, ಆಮೇಲೆ ವಾರಕ್ಕೊಂದು. ಸರ್ಕಾರಿ ಆಸ್ಪತ್ರೆಯಲ್ಲಿ ಇದೇ 'ಛಾಯಾ' ಎಂಬ ಹೆಸರಿನಲ್ಲಿ ಉಚಿತ. ಮಾತ್ರೆ ಮರೆಯುವವರಿಗೆ ಮೂರು ತಿಂಗಳಿಗೊಮ್ಮೆ 'ಅಂತರಾ' ಚುಚ್ಚುಮದ್ದು ಇದೆ. ಅದನ್ನು ನಿಲ್ಲಿಸಿದ ಮೇಲೆ ಗರ್ಭ ನಿಲ್ಲಲು ಕೆಲವು ತಿಂಗಳು ತಡವಾಗಬಹುದು. ವಂಕಿಯಲ್ಲಿ ಐದು ವರ್ಷದ್ದೂ ಹತ್ತು ವರ್ಷದ್ದೂ ಇವೆ, ಹೆರಿಗೆಯಾದ 48 ಗಂಟೆಯೊಳಗೂ ಹಾಕಿಸಬಹುದು. ಮೊದಲ ಕೆಲವು ತಿಂಗಳು ಮುಟ್ಟು ಹೆಚ್ಚಾಗಬಹುದು ಎಂಬುದನ್ನು ಹಾಕುವ ಮುಂಚೆಯೇ ಹೇಳಬೇಕು. ಬೇಡವೆನಿಸಿದ ದಿನ ತೆಗೆಸಿಕೊಳ್ಳುವ ಹಕ್ಕು ಆಕೆಯದು. ಎಚ್‌ಐವಿಯಂಥ ಸೋಂಕುಗಳನ್ನೂ ತಡೆಯುವುದು ನಿರೋಧ್ ಒಂದೇ.

ಇನ್ನು ಮಕ್ಕಳು ಬೇಡವೆಂದು ಇಬ್ಬರೂ ನಿಶ್ಚಯಿಸಿದ್ದರೆ ಗಂಡಸರ ಆಪರೇಷನ್ ಹೆಂಗಸರದ್ದಕ್ಕಿಂತ ಸರಳ. ಹೊಟ್ಟೆ ಕೊಯ್ಯುವುದಿಲ್ಲ, ಹೊಲಿಗೆಯಿಲ್ಲದ ವಿಧಾನವೂ ಇದೆ, ಅದೇ ದಿನ ಮನೆಗೆ ಹೋಗಬಹುದು. ಗಂಡಸುತನಕ್ಕೆ ಕುಂದು, ದುಡಿಯಲು ಬಾರದಂಥ ನಿಶ್ಶಕ್ತಿ ಎಂಬುದೆಲ್ಲ ಸುಳ್ಳು. ಆದರೆ ಮಾಡಿಸಿದ ಮೊದಲ ಮೂರು ತಿಂಗಳು ನಿರೋಧ್ ಬಳಸಲೇಬೇಕು, ಆಮೇಲೆ ವೀರ್ಯ ಪರೀಕ್ಷೆ ಮಾಡಿಸಿ ವೈದ್ಯರು ಸರಿಯೆಂದ ನಂತರವಷ್ಟೇ ಬಿಡಬೇಕು.