ಪರದೇಶದ ಅಂಗಳ

ಕುಣಿಗಲ್ ಎಂದೊಡನೆ ನಿಮಗೆ ಕೆರೆಯ ಜೊತೆಗೆ ಕುದುರೆಯೂ ನೆನಪಾಗುತ್ತದೆ. ಟಿಪ್ಪು ಸುಲ್ತಾನನ ಕಾಲದಿಂದ ಕುದುರೆ ಸಾಕಣೆಗೆ ಹೆಸರಾದ ಊರಿದು. ದೂರದಿಂದ ತಂದ ಕುದುರೆಯನ್ನು ಬಂದ ದಿನವೇ ಓಟಕ್ಕೆ ಇಳಿಸುವುದಿಲ್ಲ. ನೀರು, ಮೇವು, ಹವೆ ಒಗ್ಗಲು ಬಿಡುತ್ತಾರೆ. ಪರದೇಶಕ್ಕೆ ಹೋದ ಆಟಗಾರನಿಗೆ ನಾವು ಅಷ್ಟು ಕಾಲಾವಕಾಶ ಕೊಡುತ್ತೇವೆಯೇ?

ಪ್ರಕಾಶ್ ಪಡುಕೋಣೆಯವರನ್ನು ನೋಡಿ. ಬೆಂಗಳೂರಿನ ಮಲ್ಲೇಶ್ವರದ ಕೆನರಾ ಯೂನಿಯನ್ ಸಭಾಂಗಣದಲ್ಲಿ ಆಡಿ ಬೆಳೆದವರು. ಅಲ್ಲಿ ಮದುವೆಯಿದ್ದ ದಿನ ಆಟವಿಲ್ಲ. 1971ರಿಂದ 1979ರವರೆಗೆ ಸತತ ಒಂಬತ್ತು ಬಾರಿ ರಾಷ್ಟ್ರೀಯ ಚಾಂಪಿಯನ್ ಆದರು. 1980ರಲ್ಲಿ ಇಂಡೋನೇಷ್ಯದ ಲಿಯೆಮ್ ಸ್ವೀ ಕಿಂಗ್ ಅವರನ್ನು ಸೋಲಿಸಿ ಆಲ್ ಇಂಗ್ಲೆಂಡ್ ಗೆದ್ದರು. ಆಮೇಲೆ ಅವರು ನೆಲೆಸಿದ್ದು ಡೆನ್ಮಾರ್ಕ್‌ನಲ್ಲಿ.

ಅಲ್ಲಿ ಬದಲಾದದ್ದು ಅಂಕಣವೊಂದೇ ಅಲ್ಲ. ಡಿಸೆಂಬರ್‌ನಲ್ಲಿ ಕೋಪನ್‌ಹೇಗನ್‌ನ ಹಗಲು ಸುಮಾರು ಏಳು ಗಂಟೆ ಮಾತ್ರ. ಬೆಂಗಳೂರಿನದು ಹನ್ನೊಂದಕ್ಕೂ ಹೆಚ್ಚು. ನಮ್ಮ ನಿದ್ರೆ, ಹಸಿವು, ಉತ್ಸಾಹಗಳನ್ನು ನಡೆಸುವ ಒಳಗಡಿಯಾರಕ್ಕೆ ಬೆಳಕೇ ಕೀಲಿ. ಬೆಳಕು ಕುಗ್ಗಿದರೆ ಮನಸ್ಸೂ ಮಂಕಾಗಬಹುದು. ಇದು ಹೇಡಿತನವಲ್ಲ, ದೇಹಧರ್ಮ. ಇದರ ಮೇಲೆ ಭಾಷೆ ಬೇರೆ, ಊಟ ಬೇರೆ. ತಾಯ್ನಾಡಿನಲ್ಲಿ ಮೊದಲಿಗನಾಗಿದ್ದವನು ಅಲ್ಲಿ ಹಲವರಲ್ಲಿ ಒಬ್ಬ.

ಹಾಗಾದರೆ ಕೈಹಿಡಿದದ್ದು ಯಾವುದು? ಡೆನ್ಮಾರ್ಕ್‌ನ ಕ್ಲಬ್ ಪದ್ಧತಿಯಲ್ಲಿ ಮಕ್ಕಳು, ಹಿರಿಯರು, ಚಾಂಪಿಯನ್ನರು ಒಂದೇ ಸೂರಿನಡಿ ಆಡುತ್ತಾರೆ. ಹೊಸಬನಿಗೆ ಅಭ್ಯಾಸದ ಜೊತೆಗೆ ನೆರೆಹೊರೆಯೂ ದೊರೆಯುತ್ತದೆ. ಮಾರ್ಟನ್ ಫ್ರಾಸ್ಟ್‌ರಂಥ ಸಮಬಲದ ಆಟಗಾರ ಎದುರಾಳಿಯೂ ಹೌದು, ಗೆಳೆಯನೂ ಹೌದು. 1983ರಲ್ಲಿ ಕೋಪನ್‌ಹೇಗನ್‌ನಲ್ಲೇ ನಡೆದ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಪಡುಕೋಣೆ ಕಂಚು ಗೆದ್ದರು. 1986ರಲ್ಲಿ ಮಗಳು ದೀಪಿಕಾ ಹುಟ್ಟಿದ್ದೂ ಅದೇ ಊರಿನಲ್ಲಿ. ಪರಸ್ಥಳ ಮನೆಯಾಗಿತ್ತು.

ಅನಿಲ್ ಕುಂಬ್ಳೆಯವರ ಪ್ರವಾಸ ಇನ್ನೊಂದು ಬಗೆಯದು. 1995ರಲ್ಲಿ ಇಂಗ್ಲೆಂಡಿನ ನಾರ್ಥಾಂಪ್ಟನ್‌ಷೈರ್ ಪರ ಒಂದೇ ಋತುವಿನಲ್ಲಿ 105 ವಿಕೆಟ್ ಪಡೆದರು. ಕೌಂಟಿ ಕ್ರಿಕೆಟ್ಟಿನಲ್ಲಿ ಒಂದು ಪಂದ್ಯ ಮುಗಿಯುವಷ್ಟರಲ್ಲಿ ಇನ್ನೊಂದು ಕಾದಿರುತ್ತದೆ. ಆ ಬಿಡುವಿಲ್ಲದ ದಿನಚರಿ ದಣಿಸುತ್ತದೆ. ಒಂಟಿತನಕ್ಕೆ ಎಡೆಗೊಡದೆ ಕಾಯಲೂಬಲ್ಲದು.

1994ರಲ್ಲಿ ಪಡುಕೋಣೆಯವರು ವಿಮಲ್ ಕುಮಾರ್ ಮೊದಲಾದವರೊಂದಿಗೆ ಬೆಂಗಳೂರಿನಲ್ಲಿ ಬ್ಯಾಡ್ಮಿಂಟನ್ ಅಕಾಡೆಮಿ ಆರಂಭಿಸಿದರು. ಸಮಬಲದ ಜೊತೆಗಾರರನ್ನು ಹುಡುಕಿಕೊಂಡು ಎಲ್ಲರೂ ಕಡಲು ದಾಟಬೇಕಾಗಿಲ್ಲವೆಂಬ ದಾರಿ ಹೀಗೆ ತೆರೆಯಿತು.

ಕುಣಿಗಲ್ಲಿನ ಮಗುವಿಗೆ ಎಪ್ಪತ್ತು ಕಿಲೋಮೀಟರ್ ದೂರದ ಬೆಂಗಳೂರಿನ ಕ್ರೀಡಾ ಹಾಸ್ಟೆಲೇ ಮೊದಲ ಪರದೇಶ. ಅಲ್ಲಿಂದ ಫೋನ್ ಬಂದಾಗ “ಗೆದ್ದೆಯಾ?” ಎಂದು ಕೇಳುವ ಮೊದಲು “ಊಟ ಸೇರುತ್ತಾ? ಗೆಳೆಯರು ಸಿಕ್ಕರಾ?” ಎಂದು ಕೇಳಿ. ಉತ್ತರ ಹೌದಾದರೆ ಆಟ ಕುದುರಲು ಅರ್ಧ ದಾರಿ ಸಾಗಿದಂತೆ.